ಅಗುಳಿ ಎಡಕ್ಕೆ ತಿರುಗಿದ ದಿನ

ಮಂಗಳವಾರ, ಮಾರ್ಚ್ ೧೨
ಅಡುಗೆಮನೆಯ ಮೇಜಿನಿಂದ

ಫೋನ್ ಎತ್ತದ ನನ್ನ ಕುಳ್ಳಿಗೆ,

ನನಗಿಂತ ಒಂದು ಗೇಣು ಎತ್ತರ ಬೆಳೆದವಳನ್ನು ಇನ್ನೂ ಕುಳ್ಳಿ ಅನ್ನುತ್ತಾಳಲ್ಲ ಎಂದು ಮೊದಲ ಸಾಲಿಗೇ ಮುಖ ಊದಿಸಿಕೊಳ್ಳಬೇಡ. ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ, ನಮ್ಮ ಔಷಧಿ ಅಂಗಡಿಯಾಕೆಯದು. ನನ್ನ ಕೋಳಿಕಾಲು ಅಕ್ಷರ ಕಂಡರೆ ಒಡೆಯದೆ ಎಸೆದುಬಿಡುತ್ತೀಯ ಎಂದು ಅವರ ಕೈಯಲ್ಲಿ ವಿಳಾಸ ಬರೆಸಿದೆ. ಮೋಸ ಅಂದುಕೊಂಡರೆ ಅಂದುಕೋ. ಒಡೆದದ್ದಂತೂ ಆಯಿತು. ಇನ್ನು ಪೂರ್ತಿ ಓದು. ಸಹಿಯ ಕೆಳಗೆ ಇರುವುದನ್ನೂ ಬಿಡಬೇಡ.

ನಮ್ಮ ಹಾಕಿ ತಂಡದ, ನಮ್ಮ ಹಳದಿಯವರ ಸೀಸನ್ ಭಾನುವಾರ ಮುಗಿಯಿತು. ನಿನಗೆ ಗೊತ್ತಿರುವುದೇ, ನೀನೂ ಅಲ್ಲೇ ಇದ್ದೆಯಲ್ಲ. ಆದರೂ ನೀನು ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಪ್ರತಿ ಸೀಸನ್ ಮುಗಿದ ಮೇಲೆ ನಾವಿಬ್ಬರೂ ಇದೇ ಮೇಜಿನ ಎದುರು ಕೂತು ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ತೀರ್ಪು ಕೊಡುತ್ತಿದ್ದೆವು. ಕ್ಲಬ್ಬಿನವರು ನಮ್ಮ ಮಾತು ಕೇಳಿ ತಂಡ ಕಟ್ಟಿದ್ದರೆ ಇಷ್ಟು ಹೊತ್ತಿಗೆ ಹತ್ತು ಕಪ್ ಗೆದ್ದಿರುತ್ತಿದ್ದರು ಅನ್ನುವ ಜಂಬ ಬೇರೆ. ಈ ಸಲ ನಿನ್ನ ಕುರ್ಚಿಯಲ್ಲಿ ಇಸ್ತ್ರಿಗೆ ಕಾದಿರುವ ಬಟ್ಟೆ ಬಿದ್ದಿದೆ. ಬಟ್ಟೆಯ ಹತ್ತಿರ ಹಾಕಿ ಆಟದ ಮಾತಾಡಿದರೆ ಅಕ್ಕಪಕ್ಕದವರು ಡಾಕ್ಟರನ್ನು ಕರೆಸುತ್ತಾರೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ನನ್ನನ್ನು ಕೇಳಿದರೆ ಸೀಸನ್ ಹಾಳಾದದ್ದು ಮೊದಲ ಪಂದ್ಯಕ್ಕೂ ಮುಂಚೆ, ನಾಯಕನನ್ನು ಬಿಟ್ಟುಕೊಟ್ಟ ದಿನ. ಇಡೀ ತಂಡವನ್ನು ನಡುವಿನಲ್ಲಿ ನಿಂತು ಹಿಡಿದಿದ್ದವನನ್ನು ಕಳಿಸಿ, ಆ ಜಾಗಕ್ಕೆ ಯಾರನ್ನು ತಂದರು? ಇಬ್ಬರು ಮುಂಚೂಣಿಯವರನ್ನು! ಮೊದಲೇ ಮುಂದೆ ನಾಲ್ಕು ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ಹೊಸ ಕೋಚ್ ಬಂದವನೇ 'ದಾಳಿಯೇ ನಮ್ಮ ಮಂತ್ರ' ಅಂದ. ಮನೆಗೆ ಬಾಗಿಲಿಲ್ಲದೆ ಬರೀ ಕಿಟಕಿ ಇಟ್ಟ ಹಾಗೆ. ಅಷ್ಟಾದರೂ ಮೊದಲ ಐದಾರು ಪಂದ್ಯ ಗೆದ್ದೆವು. ಗೆದ್ದದ್ದು ಯಾರಿಂದ ಎಂದು ಸ್ಟ್ಯಾಂಡಿಗೆಲ್ಲ ಗೊತ್ತಿತ್ತು. ಹಿಂದೆ ರಕ್ಷಣೆಗೆ ನಮ್ಮ ಅಗುಳಿ ಇದ್ದ. ಅವನು ಬಾಗಿಲಿಗೆ ಬಿದ್ದರೆ ಮುಗಿಯಿತು, ಎದುರಾಳಿಗಳು ಎಷ್ಟು ತಳ್ಳಿದರೂ ತೆರೆಯುತ್ತಿರಲಿಲ್ಲ.

ನೋಡು, ಇಲ್ಲೇ ಏಕವಚನಕ್ಕೆ ಇಳಿದುಬಿಟ್ಟೆ. ಸ್ಟ್ಯಾಂಡಿನಲ್ಲಿ 'ಲೋ ಅಗುಳಿ', ಮನೆಯಲ್ಲಿ 'ಅಳಿಯಂದಿರೇ'. ಮದುವೆಯ ಮಾತುಕತೆಯ ದಿನ ಅವರು ನನ್ನನ್ನು ಕೇಳಿದ್ದು ಇದೊಂದನ್ನೇ. ಮೈದಾನದಲ್ಲಿ ಹೋಗೋ ಬಾರೋ ಅನ್ನಿ, ಬಾಯಿಗೆ ಬಂದ ಹಾಗೆ ಬೈಯಿರಿ, ಅದು ಟಿಕೆಟ್ಟು ಕೊಂಡವರ ಹಕ್ಕು. ಮನೇಲಿ ಮಾತ್ರ ಹಾಕಿ ಆಟದ ಮಾತು ಬೇಡ ಅತ್ತೆ, ಅಂದಿದ್ದರು. ನಾನು ಒಪ್ಪಿದೆ, ಮಾತು ಉಳಿಸಿಕೊಂಡೆ. ನಾಲ್ಕು ಗೋಲು ಬಿಟ್ಟುಕೊಟ್ಟು ಬಂದ ದಿನವೂ ಊಟಕ್ಕೆ ಬಡಿಸುತ್ತಾ 'ಇನ್ನೊಂದು ಸ್ವಲ್ಪ ಹಾಕಲಾ' ಅಂದೆನೇ ಹೊರತು ಮಧ್ಯಾಹ್ನ ಎಲ್ಲಿ ನಿದ್ದೆ ಹೋಗಿದ್ದಿರಿ ಎಂದು ಕೇಳಲಿಲ್ಲ. ನಾಲಿಗೆ ತುದಿಯವರೆಗೆ ಬಂದದ್ದನ್ನು ನೀರು ಕುಡಿದು ನುಂಗಿದ್ದೇನೆ.

ಸ್ಟ್ಯಾಂಡಿನ ಮಾತು ಮನೆಗೆ ತರಬಾರದು ಎಂದು ಕರಾರಾಗಿತ್ತು. ಮನೆಯ ಮಾತು ಸ್ಟ್ಯಾಂಡಿಗೆ ಒಯ್ಯಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅದನ್ನೂ ಹೇಳಬೇಕಿತ್ತಾ ಎಂದು ನೀನು ಕೇಳುತ್ತೀಯ. ಇಲ್ಲ ಕಣೆ. ಹೇಳಬೇಕಾಗಿರಲಿಲ್ಲ.

ಆ ಪಂದ್ಯದ ದಿನ ಬೆಳಿಗ್ಗೆ ನಿಮ್ಮ ಮನೆಗೆ ಬಂದಾಗ ಅವರು ಮಹಡಿ ಮೆಟ್ಟಿಲು ಇಳಿಯುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಕೈಯಲ್ಲೂ ಕಟಕಟೆ ಹಿಡಿದು, ಅಡ್ಡಡ್ಡ ತಿರುಗಿ, ಒಂದೊಂದು ಮೆಟ್ಟಿಲಿಗೂ ಎರಡು ಕಾಲೂ ಊರಿ ಇಳಿಯುತ್ತಿದ್ದರು. ಮರಿ ತನ್ನಪ್ಪನಿಗಿಂತ ಮೊದಲು ಇಳಿದು ಬಂದು ಕೆಳಗೆ ನಿಂತು ನಗುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಅವರು ನೆಟ್ಟಗಾಗಿ, ನಿದ್ದೆಯ ಮಂಪರು ಅಂದರು. ನೀನು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದೆ. ಎಡ ಮಂಡಿ, ಮುಂದಿನ ತಿಂಗಳು ಮೂರು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಆಗುತ್ತೆ, ಸಹಿ ಆದಮೇಲೆ ವಿಶ್ರಾಂತಿ ತಗೋತಾರೆ, ಅಲ್ಲೀವರೆಗೆ ನೀನು ಏನೂ ನೋಡಿಲ್ಲಮ್ಮ, ಅಂದೆ. ಮರಿಗೆ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ನನ್ನ ಮನೆಯಿಂದ ಎರಡೇ ಬೀದಿ ಆಚೆ ಮನೆ ನೋಡಿಟ್ಟಿದ್ದಿರಿ. ನಾನು ಆಣೆ ಮಾಡಲಿಲ್ಲ. ನನ್ನ ಬಾಯಿ ನನಗೆ ಗೊತ್ತು, ಆಣೆ ಮಾಡಿಸಿಕೊಳ್ಳಬೇಕಿತ್ತು ನೀನು.

ಮುಂದಿನದ್ದು ಇಡೀ ಊರಿಗೆ ಗೊತ್ತು. ಆದರೆ ಊರು ನೋಡಿದ್ದು ಫೋನಿನಲ್ಲಿ ತೆಗೆದ ಒಂದು ತುಣುಕು. ಅದರ ಮುಂಚಿನ ಅರ್ಧ ಗಂಟೆ ಅದರಲ್ಲಿಲ್ಲ. ಹಿಂದಿನ ಸಾಲಿನ ವಕೀಲರು, ನಿನಗೆ ಗೊತ್ತಲ್ಲ, ಪ್ರತಿ ಪಂದ್ಯಕ್ಕೂ ಕುರ್ಚಿಗೆ ಟವೆಲ್ ಹಾಸಿ ಕೂರುವವರು, ಆರಂಭದಿಂದಲೇ ಶುರು ಮಾಡಿದ್ದರು. ಎದುರಾಳಿ ಎರಡು ಸಲ ಅಗುಳಿಯ ಎಡಗಡೆಯಿಂದ ನುಗ್ಗಿ ಹೋದ. ಎರಡು ಸಲವೂ ಗೋಲು. ಒಪ್ಪಂದ ಹೇಗೂ ಸಿಕ್ಕೇ ಸಿಗುತ್ತಲ್ಲ, ಇನ್ಯಾಕೆ ಓಡ್ತಾನೆ, ಕೊಬ್ಬು ಅಂದರು ವಕೀಲರು. ಸೋಮಾರಿ ಅಂದರು. ದುಡ್ಡು ತಿಂದಿರಬೇಕು ಅಂತಲೂ ಅಂದರು. ಸುತ್ತಮುತ್ತಲಿನವರು ನಕ್ಕರು. ಪಕ್ಕದಲ್ಲಿ ಕೂತಿದ್ದ ಔಷಧಿ ಅಂಗಡಿಯಾಕೆ ನನ್ನ ತೊಡೆಯ ಮೇಲೆ ಕೈಯಿಟ್ಟು, ಬೇಡ ಬಿಡಿ, ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಂಟಿ ಕಾಲಿನಲ್ಲಿ ಊರಿನ ಮಾನ ಕಾಯುತ್ತಿರುವ ಮನುಷ್ಯನಿಗೆ ಸೋಮಾರಿ ಅಂತಾರಲ್ಲ!

ಎದ್ದು ನಿಂತು ತಿರುಗಿದೆ. ಆ ನೋವಿಗೆ ನೀವಾಗಿದ್ದರೆ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ ಕಣ್ರೀ, ಮೆಟ್ಟಿಲು ಇಳಿಯೋಕಾಗಲ್ಲ ಅವನಿಗೆ, ಎಡ ಮಂಡಿ ಹೋಗಿದೆ, ಆದ್ರೂ ಆಡ್ತಿದಾನೆ, ಅಂದೆ. ಅಂದೆ ಏನು, ಕೂಗಿದೆ. ತುಂಬಿದ ಬಸ್ಸಿನಲ್ಲಿ 'ಮುಂದೆ ಹೋಗಿ, ಮುಂದೆ ಹೋಗಿ' ಎಂದು ಮೂವತ್ತು ವರ್ಷ ಕೂಗಿದ ಕಂಡಕ್ಟರ್ ಗಂಟಲು ನನ್ನದು. ಡ್ರೈವರಿಗೂ ಕೇಳಬೇಕು, ಹಿಂದಿನ ಬಾಗಿಲಲ್ಲಿ ನೇತಾಡುವವರಿಗೂ ಕೇಳಬೇಕು. ಅವತ್ತು ಇಡೀ ಸ್ಟ್ಯಾಂಡಿಗೆ ಕೇಳಿಸಿತು. ಯಾರೋ ಫೋನ್ ಹಿಡಿದಿದ್ದರು. ಸಂಜೆಯ ಹೊತ್ತಿಗೆ 'ಅಗುಳಿಯ ಅತ್ತೆಯೇ ಹೇಳಿದ ಸತ್ಯ' ಎಂದು ಊರೂರು ತಿರುಗಿತು.

ನಾನು ಕೂಗಿದ್ದು ಅವರ ಪರವಾಗಿ. ಇದನ್ನು ನಿನಗೆ ನೂರು ಸಲ ಹೇಳಬೇಕು ಅಂದುಕೊಂಡೆ, ಫೋನಿನಲ್ಲಿ ಹೇಳಲು ನೀನು ಬಿಡಲಿಲ್ಲ. ಈಗ ಬರೆದು ನೋಡಿದರೆ ಇದರಿಂದ ಏನೂ ಹಗುರವಾದ ಹಾಗೆ ಕಾಣುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರ ಪರವಾಗಿ ಒಡೆದೆ ಎಂದು ಮುತ್ತನ್ನು ಕೇಳಿ ಏನು ಪ್ರಯೋಜನ? ಮುಂದಿನ ಪಂದ್ಯದಲ್ಲಿ ಎದುರಾಳಿಗಳು ಬೇರೆ ದಾರಿಯನ್ನೇ ನೋಡಲಿಲ್ಲ, ಚೆಂಡು ಸಿಕ್ಕರೆ ಸಾಕು, ಅವರ ಎಡಕ್ಕೇ ನುಗ್ಗಿದರು. ಕ್ಲಬ್ಬಿನವರು ಸ್ಕ್ಯಾನ್ ಮಾಡಿಸಿದರು. ಒಪ್ಪಂದದ ಕಾಗದ ಮೇಜಿನ ಮೇಲಿಂದ ಮಾಯವಾಯಿತು. ಆಟಗಾರರ ಅದಲುಬದಲಿಗೆ ಇನ್ನೂ ನಾಲ್ಕು ದಿನ ಬಾಕಿ ಇತ್ತು. ಅಷ್ಟರಲ್ಲೇ ಅವರನ್ನು ನೀಲಿಯವರಿಗೆ ದಾಟಿಸಿದರು, ಸೀಸನ್ ಮುಗಿಯುವವರೆಗೆ ಮಾತ್ರ ಅನ್ನುವ ಕರಾರಿನ ಮೇಲೆ. ಒಂಬತ್ತು ವರ್ಷ ಬಾಗಿಲು ಕಾದವರಿಗೆ ಒಂದು ಹೂಗುಚ್ಛ.

ಅವರ ಬದಲಿಗೆ ನಮಗೆ ಸಿಕ್ಕಿದ್ದು ಪೆನಾಲ್ಟಿ ಕಾರ್ನರ್ ಹೊಡೆಯುವವನೊಬ್ಬ. ಸ್ಟ್ಯಾಂಡಿನವರು 'ಪಟಾಕಿ' ಎಂದು ಹೆಸರಿಟ್ಟರು. ಬಂದ ಮೊದಲ ಎರಡು ಪಂದ್ಯ ಢಂ ಢಂ ಎಂದ. ಆಮೇಲೆ ಒದ್ದೆ ಪಟಾಕಿ, ಬರೀ ಹೊಗೆ. ಹಿಂದೆ ಬಾಗಿಲು ತೆರೆದೇ ಇತ್ತು, ದಾರಿಹೋಕರೆಲ್ಲ ಬಂದು ಗೋಲು ಹೊಡೆದು ಹೋದರು. ಫೆಬ್ರುವರಿಯಲ್ಲಿ ಕಡೆಗೆ ಯಾವ ತಂಡದಲ್ಲೂ ಇಲ್ಲದ ರಕ್ಷಣೆಯವನೊಬ್ಬನನ್ನು ತಂದರು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ವಕೀಲರು ಈಗ ಅಗುಳಿಯನ್ನು ಬಿಟ್ಟದ್ದೇ ತಪ್ಪು ಅನ್ನುತ್ತಾರೆ. ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನಗೆ ತಂಡದ ಮೇಲೆ ಸಿಟ್ಟು ಬರುತ್ತಿತ್ತು, ಆದರೆ ಯಾವ ಮುಖ ಇಟ್ಟುಕೊಂಡು ಬೈಯಲಿ? ಈ ಅದಲುಬದಲಿಗೆ ಮೊದಲ ಕೈ ಹಾಕಿದವಳು ನಾನೇ.

ನೀವು ಮನೆ ಖಾಲಿ ಮಾಡುವ ದಿನ ನಾನು ಬಂದಿದ್ದೆ. ಅಳಿಯಂದಿರು ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು, ಬನ್ನಿ ಅತ್ತೆ ಅಂದರು. ನೀನು ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಹೊರಡುವಾಗ ನೀನು ಬಾಗಿಲಿಗೆ ಬಂದು ಒಂದೇ ಮಾತು ಹೇಳಿದೆ. ನೀನು ಅವರಿಗೆ ಅತ್ತೆ ಆಗಲೇ ಇಲ್ಲಮ್ಮ, ಆಟ ನೋಡೋಕೆ ಬಂದವಳು ಅಷ್ಟೇ, ಅಂದೆ. ಅವತ್ತಿನಿಂದ ನಿನ್ನ ದನಿ ಕೇಳಿಲ್ಲ.

ಇನ್ನು ಭಾನುವಾರದ್ದು. ಗೆದ್ದವರು ಕೊನೆಯ ನಾಲ್ಕಕ್ಕೆ, ಸೋತವರು ಮನೆಗೆ. ಎದುರಿಗೆ ನಿಮ್ಮ ನೀಲಿಯವರು. ನೀನು ಬರುತ್ತೀಯ ಎಂದು ನನಗೆ ಗೊತ್ತಿರಲಿಲ್ಲ. ಔಷಧಿ ಅಂಗಡಿಯಾಕೆ ದುರ್ಬೀನು ಹಿಡಿದು, ಆಟಗಾರರ ಮನೆಯವರು ಕೂರುವ ಕಡೆ ನೋಡಿ, ನಿಮ್ಮ ಮಗಳು ಅಲ್ವಾ ಅಂದರು. ಕಸಿದುಕೊಂಡು ನೋಡಿದೆ. ನೀಲಿ ಶಾಲು ಹೊದ್ದಿದ್ದೆ. ಮರಿ ನಿನ್ನ ತೊಡೆಯ ಮೇಲೆ ನಿಂತಿದ್ದಳು. ಎಷ್ಟು ಉದ್ದವಾಗಿದ್ದಾಳೆ! ಈಗ ಅವಳೇ ಶೂ ಲೇಸು ಕಟ್ಟಿಕೊಳ್ಳುತ್ತಾಳಂತೆ, ಬಲದ್ದು ಗಂಟು, ಎಡದ್ದು ಹೂವು. ಯಾರು ಹೇಳಿದರು ಎಂದು ಈಗ ಕೇಳಬೇಡ. ಮೊದಲ ಹತ್ತು ನಿಮಿಷ ಮೈದಾನದಲ್ಲಿ ಏನಾಯಿತೋ ನನಗೆ ತಿಳಿಯದು, ನಾನು ನಿಮ್ಮಿಬ್ಬರನ್ನೇ ನೋಡುತ್ತಿದ್ದೆ.

ಆಮೇಲೆ ಆಟ ನೋಡಿದೆ. ಕುಳ್ಳಿ, ಅಂಥ ಆಟ ಅಳಿಯಂದಿರು ಆಡಿ ಎಷ್ಟು ವರ್ಷವಾಗಿತ್ತು! ನಮ್ಮವರೂ ಎಡಕ್ಕೇ ನುಗ್ಗಿದರು, ಇಷ್ಟು ದಿನ ಎಲ್ಲರೂ ಮಾಡಿದ್ದು ಅದನ್ನೇ ತಾನೆ. ಅವರು ಎಡಗಾಲಿನ ಮೇಲೆ ಗಿರಕಿ ಹೊಡೆದು ತಿರುಗಿ ಚೆಂಡು ಕಿತ್ತುಕೊಂಡರು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಪಟಾಕಿ ಹೊಡೆದ ಕಾರ್ನರನ್ನು ಗೋಲಿನ ಗೆರೆಯ ಮೇಲೆ ಮೊಣಕಾಲೂರಿ ತಡೆದರು, ಎಡ ಮೊಣಕಾಲೂರಿ. ಎರಡು-ಒಂದು ಗೋಲುಗಳಿಂದ ನೀವು ಗೆದ್ದಿರಿ. ಕೊನೆಯಲ್ಲಿ ನಮ್ಮ ಸ್ಟ್ಯಾಂಡೇ ಎದ್ದು ನಿಂತು ಅವರಿಗೆ ಚಪ್ಪಾಳೆ ತಟ್ಟಿತು. ವಕೀಲರು ಟವೆಲ್ ಬೀಸುತ್ತಿದ್ದರು. ನೀನು ಅಳುತ್ತಾ ನಗುತ್ತಾ ಮರಿಯನ್ನು ಎತ್ತಿ ಕುಣಿಸುತ್ತಿದ್ದೆ. ಮಂಡಿ ವಾಸಿಯಾಯಿತು, ಅಮ್ಮನ ಬಾಯಿಯನ್ನೂ ಮೀರಿ ಬದುಕಿಕೊಂಡೆವು ಅನ್ನುವ ಸಂತೋಷ ನಿನ್ನ ಮುಖದಲ್ಲಿತ್ತು.

ನಾನೊಬ್ಬಳೇ ಕೂತಿದ್ದೆ. ಔಷಧಿ ಅಂಗಡಿಯಾಕೆ, ಅಳಿಯ ಗೆದ್ದು ತಂಡ ಸೋತರೆ ನಿಮ್ಮ ಕಥೆ ಕಷ್ಟ, ಅಂದು ನಕ್ಕರು. ನಾನೂ ನಕ್ಕೆ. ಇಡೀ ಪಂದ್ಯ ನನ್ನ ಬಾಯಿಂದ ಒಂದು ಕೂಗೂ ಹೊರಟಿರಲಿಲ್ಲ.

ಪಂದ್ಯ ಮುಗಿದ ಮೇಲೆ ನೀಲಿಯವರ ಬಸ್ಸು ನಿಲ್ಲುವ ಕಡೆ ಬಂದೆ. ನೀನು ನನ್ನನ್ನು ನೋಡಿದೆ. ಮರಿಯನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸಿನ ಆಚೆ ಬದಿಗೆ ಹೋದೆ. ಮರಿ ನಿನ್ನ ಹೆಗಲ ಮೇಲಿಂದ ನನ್ನನ್ನು ನೋಡಿದಳು. ಗುರುತು ಹತ್ತಿತೋ ಇಲ್ಲವೋ. ಕೂಗಿದ್ದರೆ ಇಡೀ ರಸ್ತೆಗೆ ಕೇಳಿಸುತ್ತಿತ್ತು. ಕೂಗಲಿಲ್ಲ. ನಾಲ್ಕು ಜನರೆದುರು ನಿನ್ನನ್ನು ಇನ್ನೊಂದು ಸಲ ತಲೆ ತಗ್ಗಿಸುವ ಹಾಗೆ ಮಾಡಬಾರದು ಅನಿಸಿತು. ಮನೆಗೆ ನಡೆದುಕೊಂಡೇ ಬಂದೆ.

ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕೇಳಿದರೆ ನೀನು ಅದನ್ನೂ ಹೊರಬೇಕಾಗುತ್ತದೆ. ನನಗೆ ಪಶ್ಚಾತ್ತಾಪ ಇದೆ, ಬೆಳಿಗ್ಗೆ ಏಳುವಾಗ ಇದೆ, ಮಲಗುವಾಗ ಇದೆ. ಎರಡು ಬೀದಿ ಆಚೆ ನೀವು ನೋಡಿಟ್ಟಿದ್ದ ಮನೆಗೆ ಬೇರೆಯವರು ಬಂದಿದ್ದಾರೆ, ತರಕಾರಿಗೆ ಹೋಗುವಾಗ ನಾನು ಆ ಬೀದಿಯಲ್ಲಿ ಹೋಗುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು ನಿನಗೆ.

ಮರಿಯ ಕೆನ್ನೆಗೆ ಎರಡು ಮುತ್ತು. ಅಜ್ಜಿ ಕೊಟ್ಟದ್ದು ಎಂದು ಹೇಳದಿದ್ದರೂ ಪರವಾಗಿಲ್ಲ, ಕೊಡು.

ನಿನ್ನ ಬಾಯಿಬಡುಕಿ,
ಅಮ್ಮ

ತಾ.ಕ.: ಇಲ್ಲಿಯವರೆಗೆ ಬರೆದದ್ದೆಲ್ಲ ಇದನ್ನು ಬರೆಯಲು ಧೈರ್ಯ ಸಾಲದೆ ಬರೆದದ್ದು.

ಅಳಿಯಂದಿರು ಪ್ರತಿ ಪಂದ್ಯದ ಮರುದಿನ ನನಗೆ ಫೋನ್ ಮಾಡುತ್ತಾರೆ, ನೀಲಿಯವರ ಕಡೆ ಹೋದ ಮೊದಲ ವಾರದಿಂದ. ನಿನಗೆ ಗೊತ್ತಿಲ್ಲ. ಅತ್ತೆ, ನಿನ್ನೆ ಹೇಗೆ ಆಡಿದೆ ಎಂದು ಕೇಳುತ್ತಾರೆ. ಮರಿಯ ಸುದ್ದಿ ಹೇಳುತ್ತಾರೆ. ನಿನ್ನ ಸುದ್ದಿಯನ್ನೂ. ನನ್ನ ಮೇಲೆ ಸಿಟ್ಟಿಲ್ವಾ ಎಂದು ಒಂದು ದಿನ ಕೇಳಿದ್ದಕ್ಕೆ, ಆ ಸ್ಟ್ಯಾಂಡಿನಲ್ಲಿ ಅವತ್ತು ನನಗೋಸ್ಕರ ಎದ್ದು ನಿಂತವರು ನೀವೊಬ್ಬರೇ, ಅಂದರು. ನಿಮ್ಮ ಮನೆಯಿಂದ ನನಗೆ ಕೇಳಿಸುವ ದನಿ ಅದೊಂದೇ. ವಾರವಿಡೀ ಅದಕ್ಕಾಗಿ ಕಾಯುತ್ತೇನೆ.

ನಿನ್ನೆಯೂ ಮಾಡಿದರು. ನಾನು ಆಟದ ಮಾತೆತ್ತಲಿಲ್ಲ. ಅಂಥ ಮಂಡಿ ಹಾಗೆ ತಿರುಗುವುದಿಲ್ಲ, ಒಂಬತ್ತು ವರ್ಷ ಆ ಕಾಲನ್ನೇ ನೋಡಿದ ಕಣ್ಣು ನನ್ನದು. ಎಷ್ಟು ಇಂಜೆಕ್ಷನ್ ತಗೊಂಡಿದ್ರಿ ಎಂದು ನೇರ ಕೇಳಿದೆ. ನಿಮ್ಮ ಕಣ್ಣಿಗೆ ಮಣ್ಣೆರಚೋಕಾಗಲ್ಲ ಅತ್ತೆ, ಎಂದು ನಕ್ಕರು. ತಿಂಗಳಿಂದ ಪ್ರತಿ ಪಂದ್ಯಕ್ಕೂ ಮೊದಲು ಮಂಡಿಗೆ ಚುಚ್ಚಿಸಿಕೊಳ್ಳುತ್ತಿದ್ದಾರೆ, ಅದೂ ತಂಡದ ಡಾಕ್ಟರಿಗೆ ಗೊತ್ತಾಗದ ಹಾಗೆ ಹೊರಗೆಲ್ಲೋ. ಬರುವ ಭಾನುವಾರ ಕೊನೆಯ ನಾಲ್ಕರ ಪಂದ್ಯ ಆಡಿ ಮುಗಿಸಿದರೆ ನೀಲಿಯವರು ಎರಡು ವರ್ಷಕ್ಕೆ ಸಹಿ ಮಾಡಿಸಿಕೊಳ್ಳುತ್ತಾರಂತೆ. ಅವಳು ಇಷ್ಟು ದಿನ ಆದ್ಮೇಲೆ ನಗ್ತಿದಾಳೆ, ಅವಳಿಗೆ ಹೇಳಬೇಡಿ ಅತ್ತೆ, ನಿಮ್ಮನ್ನ ನಂಬಿದೀನಿ, ಅಂದರು. ಆಯಿತು ಅಂದೆ.

ಔಷಧಿ ಅಂಗಡಿಯಾಕೆಯನ್ನು ಯಾರಿಗೆ ಎಂದು ಹೇಳದೆ ವಿಚಾರಿಸಿದೆ. ಆ ಚುಚ್ಚುಮದ್ದು ನೋವನ್ನು ಮಾತ್ರ ಮರೆಸುತ್ತದೆ, ಒಳಗೆ ಹರಿಯುವುದು ಹರಿಯುತ್ತಲೇ ಇರುತ್ತದಂತೆ. ಹೀಗೇ ಆಡಿದರೆ ಒಂದು ದಿನ ನಡೆಯುವುದೂ ಕಷ್ಟವಾಗಬಹುದು ಅಂದರು.

ಅವತ್ತು ಮುಚ್ಚಿಡಬೇಕಾದ್ದನ್ನು ಊರಿಗೆಲ್ಲ ಕೂಗಿದೆ. ಇವತ್ತು ಮುಚ್ಚಿಡು ಅಂದದ್ದನ್ನು ನಿನ್ನೊಬ್ಬಳಿಗೆ ಬರೆಯುತ್ತಿದ್ದೇನೆ. ಕೊರಿಯರ್ ಶುಕ್ರವಾರ ತಲುಪುತ್ತದೆ ಎಂದಿದ್ದಾರೆ, ಭಾನುವಾರಕ್ಕೆ ಮೊದಲು ನಿನಗೆ ಎರಡು ದಿನ ಇದೆ. ನಾನು ಹೇಳಿದೆ ಎಂದೇ ಹೇಳು, ಬೇರೆ ಯಾರೋ ಹೇಳಿದರು ಅಂದರೆ ಅವರು ನಂಬುವುದಿಲ್ಲ. ಇನ್ನು ಮುಂದೆ ಅವರೂ ನನಗೆ ಫೋನ್ ಮಾಡುವುದಿಲ್ಲ. ಗೊತ್ತಿದ್ದೇ ಬರೆದೆ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಮೊದಲು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.